ಮೇಜಿನ ಕಂಪ್ಯೂಟರೂ ಬೆರಳಗಲದ ನಿಯಂತ್ರಕವೂ

ನಿಮ್ಮ ಮನೆಯಲ್ಲಿ ಎಷ್ಟು ಕಂಪ್ಯೂಟರುಗಳಿವೆ ಎಂದು ಯಾರಾದರೂ ಕೇಳಿದರೆ ನೀವು ಒಂದು ಎನ್ನಬಹುದು; ಇಲ್ಲವೇ ಇಲ್ಲ ಎನ್ನಲೂಬಹುದು. ಆದರೆ ಲೆಕ್ಕ ಅಷ್ಟು ಸುಲಭವಲ್ಲ. ಬಟ್ಟೆ ಒಗೆಯುವ ಯಂತ್ರ, ಟೆಲಿವಿಷನ್ನಿನ ರಿಮೋಟು, ಗೋಡೆಯ ಮೇಲಿನ ವಿದ್ಯುತ್ ಮೀಟರು, ಗುಂಡಿ ಒತ್ತಿದೊಡನೆ ತಾನೇ ನಿಲಯ ಹುಡುಕಿಕೊಳ್ಳುವ ಹೊಸ ಮಾದರಿಯ ರೇಡಿಯೋ, ಇವುಗಳಲ್ಲಿ ಬಹುಪಾಲಿನ ಒಡಲಿನಲ್ಲಿ ಒಂದೊಂದು ಪುಟ್ಟ ಕಂಪ್ಯೂಟರು ಅಡಗಿ ಕುಳಿತಿದೆ. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಹಗಲಿರುಳು ಒಂದೇ ಕೆಲಸ ಮಾಡಿಕೊಂಡಿರುವುದೇ ಅದರ ಧರ್ಮ. ಅದರ ಹೆಸರು ಮೈಕ್ರೋಕಂಟ್ರೋಲರು. ಕನ್ನಡದಲ್ಲಿ ಸೂಕ್ಷ್ಮ ನಿಯಂತ್ರಕವೆನ್ನೋಣ.

ಇದರ ಹುಟ್ಟು ತೀರ ಹಳೆಯದೇನಲ್ಲ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಗ್ಯಾರಿ ಬೂನ್ ಮತ್ತು ಮೈಕೆಲ್ ಕಾಕ್ರನ್ ಎಂಬ ಎಂಜಿನಿಯರರು ೧೯೭೧ರಲ್ಲಿ ಲೆಕ್ಕ ಮಾಡುವ ಭಾಗ, ನೆನಪಿಡುವ ಭಾಗ, ಹೊರಗಿನೊಡನೆ ವ್ಯವಹರಿಸುವ ಭಾಗ ಈ ಮೂರನ್ನೂ ಒಂದೇ ಸಿಲಿಕಾನ್ ಚೂರಿನ ಮೇಲೆ ಕೂಡಿಸಿದರು. ಅದು ಟಿಎಂಎಸ್ ೧೦೦೦ ಎಂಬ ಹೆಸರಿನಿಂದ ೧೯೭೪ರಲ್ಲಿ ಪೇಟೆಗೆ ಬಂದಿತು. ೧೯೮೦ರಲ್ಲಿ ಇಂಟೆಲ್ ಕಂಪನಿಯ ೮೦೫೧ ಬಂದಿತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಬಹುಕಾಲ ಅಕ್ಷರಾಭ್ಯಾಸ ಮಾಡಿದ್ದು ಅದರ ಮೇಲೆಯೇ. ನೀವು ಮತ ಹಾಕುವ ಯಂತ್ರವೂ ಈ ಕುಲದ್ದೇ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಎಂಬ ಎರಡು ಸರ್ಕಾರಿ ಸಂಸ್ಥೆಗಳು ತಯಾರಿಸುವ ಈ ಯಂತ್ರ ೨೦೦೪ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಗಳಿಗೂ ಹೋಯಿತು. ಯಾದಗಿರಿ ಜಿಲ್ಲೆಯ ರಾಮಸಮುದ್ರದ ಮತದಾರ ಅದರ ಗುಂಡಿ ಒತ್ತಿದಾಗ, ತಿಳಿದೋ ತಿಳಿಯದೆಯೋ, ಒಂದು ಸೂಕ್ಷ್ಮ ನಿಯಂತ್ರಕಕ್ಕೆ ಅಪ್ಪಣೆ ಕೊಟ್ಟಂತಾಯಿತು.

ಹಾಗಾದರೆ ಆ ಅಪ್ಪಣೆಯನ್ನು ಹೇಗೆ ಪಾಲಿಸಬೇಕೆಂದು ಅದಕ್ಕೆ ಹೇಳಿಕೊಟ್ಟವರು ಯಾರು? ಅದನ್ನು ನಮ್ಮ ಮನೆಯ ಮಕ್ಕಳೂ ಹೇಳಿಕೊಡಬಹುದೇ? ಈ ಲೇಖನದ ವಿಷಯ ಅದೇ. ಹೇಳಿಕೊಡಬಹುದು; ಅದಕ್ಕೆ ಬೇಕಾದುದು ಮೇಜಿನ ಮೇಲಿನ ಒಂದು ಸಾಧಾರಣ ಕಂಪ್ಯೂಟರು, ಕೆಲವು ನೂರು ರೂಪಾಯಿಯ ಒಂದು ಬೋರ್ಡು ಮತ್ತು ಒಂದು ಸಂಜೆಯ ತಾಳ್ಮೆ. ಕಷ್ಟವಿರುವುದು ವಿದ್ಯೆಯಲ್ಲಲ್ಲ, ಅದರ ಹೊಸ್ತಿಲಿನಲ್ಲಿ. ಬೋರ್ಡನ್ನು ತಂದವರು ಅನೇಕರು ಮೊದಲ ದಿನವೇ, ಕಂಪ್ಯೂಟರು ಅದನ್ನು ಗುರುತಿಸಲಿಲ್ಲವೆಂದು ಬೇಸತ್ತು ಕಪಾಟಿಗೆ ಸೇರಿಸಿಬಿಡುತ್ತಾರೆ. ‘ಇದು ನಮ್ಮಂಥವರಿಗಲ್ಲ’ ಎಂಬ ತೀರ್ಮಾನವೂ ಅದರೊಡನೆ ಕಪಾಟು ಸೇರುತ್ತದೆ. ನಗರದಲ್ಲಿ ಕೇಳಲು ನೆರೆಮನೆಯವರಿದ್ದಾರೆ. ರಾಮಸಮುದ್ರದಂಥ ಊರಿನಲ್ಲಿ ಯಾರನ್ನು ಕೇಳಬೇಕು? ಆದುದರಿಂದ ಹೊಸ್ತಿಲು ದಾಟುವ ಬಗೆಯನ್ನು ಕ್ರಮವಾಗಿ ನೋಡೋಣ.

ಮೊದಲು ತತ್ತ್ವ. ನಿಯಂತ್ರಕಕ್ಕೆ ಪರದೆಯಾಗಲಿ ಕೀಲಿಮಣೆಯಾಗಲಿ ಇಲ್ಲವಾದ್ದರಿಂದ ಅದರ ಪಾಠವನ್ನು ಬೇರೊಂದು ಕಂಪ್ಯೂಟರಿನಲ್ಲಿ ಬರೆದು, ತಂತಿಯ ಮೂಲಕ ಕಳುಹಿಸಬೇಕು. ಇದನ್ನು ಪರಭಾಷೆಯ ಊರಿಗೆ ಕಾಗದ ಬರೆಯುವುದಕ್ಕೆ ಹೋಲಿಸಬಹುದು. ಕಾಗದ ಬರೆಯಲು ಒಂದು ಹಾಳೆ ಬೇಕು, ಅದು ಎಡಿಟರು. ನಾವು ಬರೆದದ್ದನ್ನು ಆ ಊರಿನ ಭಾಷೆಗೆ ತಿರುಗಿಸುವ ದುಭಾಷಿ ಬೇಕು, ಅದು ಕಂಪೈಲರು. ಪದೇ ಪದೇ ಬೇಕಾಗುವ ಒಕ್ಕಣೆಗಳನ್ನು ಮೊದಲೇ ಬರೆದಿಟ್ಟ ಸಂಗ್ರಹವಿದ್ದರೆ ಒಳ್ಳೆಯದು, ಅದು ಲೈಬ್ರರಿ. ಕಾಗದವನ್ನು ಒಯ್ದು ಮುಟ್ಟಿಸುವ ಅಂಚೆಯವನು ಬೇಕು. ಅದು ಅಪ್‌ಲೋಡ್ ಮಾಡುವ ಸಾಧನ. ಯಾವ ಬಾಗಿಲಿಗೆ ಎಂದು ಬಾಗಿಲ ಸಂಖ್ಯೆ ಬೇಕು; ಅದು ಪೋರ್ಟು. ಆ ಬಾಗಿಲನ್ನು ತೆರೆಯಬಲ್ಲ ಕಾವಲುಗಾರನು ಬೇಕು; ಅದು ಡ್ರೈವರು. ಇವೆಲ್ಲವೂ ಒಂದೆಡೆ ಸೇರಿ, ಒಂದರ ಮಾತನ್ನು ಇನ್ನೊಂದು ಕೇಳುವಂತಾದರೆ ಅದೇ ‘ಡೆವಲಪ್‌ಮೆಂಟ್ ಎನ್‌ವಿರಾನ್‌ಮೆಂಟ್’ ಎಂಬ ದೊಡ್ಡ ಹೆಸರಿನ ವ್ಯವಸ್ಥೆ. ಎಲ್ಲಿ ತೊಡಕು ಬಂದರೂ ಈ ಆರರಲ್ಲಿ ಯಾವುದು ಕೈಕೊಟ್ಟಿತು ಎಂದು ಕೇಳಿಕೊಂಡರೆ ಅರ್ಧ ಉತ್ತರ ಸಿಕ್ಕಂತೆಯೇ.

ಈ ಆರನ್ನೂ ಬೇರೆ ಬೇರೆಯಾಗಿ ಹೊಂದಿಸಿಕೊಳ್ಳುವುದು ಒಂದು ಕಾಲದಲ್ಲಿ ಪಳಗಿದವರ ಕೆಲಸವಾಗಿತ್ತು. ಇಟಲಿಯ ಇವ್ರೆಯಾ ಪಟ್ಟಣದಲ್ಲಿ ವಿನ್ಯಾಸ ಕಲಿಸುತ್ತಿದ್ದ ಮಾಸ್ಸಿಮೊ ಬಾಂಜಿ ಮತ್ತು ಅವರ ಸಂಗಡಿಗರು, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗೂ ಇದು ನಿಲುಕಬೇಕೆಂದು, ೨೦೦೫ರಲ್ಲಿ ಆರ್ಡುಯಿನೋ ಎಂಬ ಬೋರ್ಡನ್ನೂ ಅದರ ಜೊತೆಗೆ ಎಲ್ಲವನ್ನೂ ಒಂದೇ ಕಟ್ಟಿನಲ್ಲಿಟ್ಟ ತಂತ್ರಾಂಶವನ್ನೂ ಹೊರತಂದರು. ಅದಕ್ಕೆ ಮುಂಚೆ, ೨೦೦೩ರಲ್ಲಿ, ಅದೇ ಊರಿನಲ್ಲಿ ಕಲಿಯುತ್ತಿದ್ದ ಹೆರ್ನಾಂಡೊ ಬರ್ರಾಗಾನ್ ಎಂಬವರು ರಚಿಸಿದ ವೈರಿಂಗ್ ಎಂಬುದೇ ಇದಕ್ಕೆ ಅಡಿಪಾಯ. ಬೋರ್ಡಿನ ನಕ್ಷೆಯನ್ನು ಬಚ್ಚಿಡದೆ ಲೋಕಕ್ಕೆ ಬಿಟ್ಟುಕೊಟ್ಟದ್ದರಿಂದ ಅದರ ಪ್ರತಿಗಳನ್ನು ಯಾರು ಬೇಕಾದರೂ ತಯಾರಿಸಬಹುದಾಗಿ, ಬೆಲೆ ಇಳಿಯಿತು. ತಂತ್ರಾಂಶಕ್ಕಂತೂ ದುಡ್ಡು ಕೊಡಬೇಕಾಗಿಲ್ಲ.

ಈಗ ಬೋರ್ಡು. ಕಲಿಯುವವರಿಗೆ ‘ಊನೋ’ ಎಂಬ ಮಾದರಿ ಉತ್ತಮ. ೨೦೧೦ರಲ್ಲಿ ಬಂದ ಇದರ ಮೇಲಿರುವ ನಿಯಂತ್ರಕದ ಹೆಸರು ಎಟಿಮೆಗಾ ೩೨೮. ಅದರ ಲೆಕ್ಕದ ವೇಗ ಸೆಕೆಂಡಿಗೆ ೧೬೦ ಲಕ್ಷ ಮಿಡಿತ. ಪಾಠವನ್ನು ಇಡಲು ೩೨ ಕಿಲೋಬೈಟು, ಕೆಲಸದ ನಡುವೆ ಗೀಚಿಕೊಳ್ಳಲು ೨ ಕಿಲೋಬೈಟು ಮಾತ್ರ. ಮೊಬೈಲಿನಲ್ಲಿ ತೆಗೆದ ಒಂದು ಭಾವಚಿತ್ರವೂ ಅದರಲ್ಲಿ ಹಿಡಿಸದು. ಆದರೆ ತೊಟ್ಟಿ ತುಂಬಿತೇ ಎಂದು ನೋಡಿ ಗಂಟೆ ಬಾರಿಸಲು ಅದು ಧಾರಾಳವಾಗಿ ಸಾಕು. ಅಲ್ಲದೆ ಬರೆದ ಪಾಠವನ್ನು ಅಳಿಸಿ ಮತ್ತೆ ಬರೆಯಬಹುದು. ಹತ್ತು ಸಾವಿರ ಸಲದ ವರೆಗೆ ತಾಳುತ್ತದೆಂದು ತಯಾರಕರೇ ಹೇಳುತ್ತಾರೆ. ತಪ್ಪು ಬರೆದರೆ ಬೋರ್ಡು ಕೆಟ್ಟುಹೋಗುವುದೆಂಬ ಭಯ ಮಕ್ಕಳಿಗೆ ಬೇಡ, ಹಿರಿಯರಿಗಂತೂ ಬೇಡವೇ ಬೇಡ.

ಬೋರ್ಡಿನ ಜೊತೆಗೆ ಬರುವ ತಂತಿಯ ಮೇಲೆ ಒಂದು ಕಣ್ಣಿರಲಿ. ಯುಎಸ್‌ಬಿ ತಂತಿಯೊಳಗೆ ಸಾಧಾರಣವಾಗಿ ನಾಲ್ಕು ಎಳೆಗಳಿರುತ್ತವೆ: ಎರಡು ವಿದ್ಯುತ್ತಿಗೆ, ಎರಡು ಮಾತುಕತೆಗೆ. ಮೊಬೈಲಿನ ಅಗ್ಗದ ತಂತಿಗಳಲ್ಲಿ ಕೆಲವು ಚಾರ್ಜು ಮಾಡಲೆಂದೇ ಇದ್ದು, ಮಾತುಕತೆಯ ಎಳೆಗಳೇ ಇರುವುದಿಲ್ಲ. ಅಂಥದನ್ನು ಚುಚ್ಚಿದರೆ ಬೋರ್ಡಿನ ದೀಪ ಹೊತ್ತುತ್ತದೆ, ಕಂಪ್ಯೂಟರು ಮಾತ್ರ ಏನೂ ಕಾಣದಂತಿರುತ್ತದೆ. ಊನೋಗೆ ಬೇಕಾದುದು ಪ್ರಿಂಟರಿಗೆ ಹಾಕುವಂಥ ಚೌಕ ಮೂತಿಯ ತಂತಿ. ಅದರಲ್ಲಿ ಈ ಮೋಸ ವಿರಳ. ಮೊಬೈಲಿನ ತಂತಿ ಹಿಡಿಸುವ ಚಿಕ್ಕ ಬೋರ್ಡುಗಳನ್ನು ಕೊಂಡವರು, ಅದೇ ತಂತಿಯಿಂದ ಮೊಬೈಲಿನ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಲು ಬರುತ್ತದೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳಲಿ.

ಇನ್ನು ತಂತ್ರಾಂಶ. ಆರ್ಡುಯಿನೋದವರ ಸ್ವಂತ ತಾಣದಿಂದಲೇ ಇದನ್ನು ಇಳಿಸಿಕೊಳ್ಳಬೇಕು. ಅಲ್ಲಿ ಎರಡು ಬಗೆ ಸಿಗುತ್ತವೆ. ೨೦೨೨ರ ಸೆಪ್ಟೆಂಬರಿನಲ್ಲಿ ಮೊದಲು ಬಂದ ಎರಡನೆಯ ಪೀಳಿಗೆಯದು ನೋಡಲು ಅಂದ, ತಪ್ಪುಗಳನ್ನು ಬರೆಯುವಾಗಲೇ ತೋರಿಸುತ್ತದೆ. ಆದರೆ ಅದಕ್ಕೆ ೬೪ ಬಿಟ್ಟಿನ ವಿಂಡೋಸ್ ೧೦ ಅಥವಾ ಮುಂದಿನದು ಬೇಕು. ಮೊದಲ ಸಲ ತೆರೆದಾಗ ಬೋರ್ಡಿಗೆ ಬೇಕಾದ ಸಾಮಗ್ರಿಯನ್ನು ಅಂತರಜಾಲದಿಂದ ತರಿಸಿಕೊಳ್ಳುತ್ತದೆ. ಹಳೆಯ ಪೀಳಿಗೆಯ ಕೊನೆಯದು ೧.೮.೧೯, ೨೦೨೧ರ ಡಿಸೆಂಬರಿನದು. ಊನೋಗೆ ಬೇಕಾದ ಕಂಪೈಲರು ಮೊದಲಾದವು ಅದರೊಳಗೇ ಅಡಕವಾಗಿವೆ. ವಿಂಡೋಸ್ ೭ ಇರುವ ಹಳೆಯ ಕಂಪ್ಯೂಟರಿನಲ್ಲೂ ಅದು ನಡೆಯುತ್ತದೆ.

ಅಂತರಜಾಲ ಬಂದು ಹೋಗಿ ಮಾಡುವ ಊರಿನವರಿಗೆ ಈ ಹಳೆಯದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಅದನ್ನು ಜಿಪ್ ಎಂಬ ಗಂಟಿನ ರೂಪದಲ್ಲಿ ಇಳಿಸಿಕೊಳ್ಳಬಹುದು. ಯಾದಗಿರಿಗೋ ಶಹಾಪುರಕ್ಕೋ ಹೋದವರು ಒಂದು ಪೆನ್‌ಡ್ರೈವಿನಲ್ಲಿ ಅದನ್ನು ತುಂಬಿ ತಂದರೆ ಸಾಕು. ಗಂಟನ್ನು ಬಿಚ್ಚಿ, ಆ ಕಡತಕೋಶದೊಳಗೆ ‘ಪೋರ್ಟಬಲ್’ ಎಂಬ ಹೆಸರನ್ನು ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ಕೊಟ್ಟು ಒಂದು ಖಾಲಿ ಕೋಶ ಮಾಡಿಟ್ಟರೆ, ಮುಂದೆ ನೀವು ಬರೆಯುವ ಪಾಠಗಳೂ ಸೇರಿಸುವ ಲೈಬ್ರರಿಗಳೂ ಅದರಲ್ಲಿಯೇ ಉಳಿಯುತ್ತವೆ. ಹೀಗೆ ಸಜ್ಜುಗೊಳಿಸಿದ ಕೋಶವನ್ನು ಹಾಗೆಯೇ ನಕಲು ಮಾಡಿ ಶಾಲೆಯ ಇನ್ನೊಂದು ಕಂಪ್ಯೂಟರಿಗೆ ಹಾಕಬಹುದು. ಒಬ್ಬರು ಪಟ್ಟ ಶ್ರಮ ಹತ್ತು ಮಂದಿಗೆ ಆಗುತ್ತದೆ.

ಮೂರನೆಯದು ಕಾವಲುಗಾರ, ಎಂದರೆ ಡ್ರೈವರು. ಅಸಲು ಊನೋವನ್ನು ವಿಂಡೋಸ್ ೧೦ ತಾನಾಗಿ ಗುರುತಿಸುತ್ತದೆ. ಅಗ್ಗದ ಪ್ರತಿಗಳಲ್ಲಿ ಹಲವಕ್ಕೆ ಸಿಎಚ್ ೩೪೦ ಎಂಬ ಬೇರೆ ಬಿಲ್ಲೆ ಹಾಕಿರುತ್ತಾರೆ. ಅದಕ್ಕೆ ಅದೇ ಹೆಸರಿನ ಡ್ರೈವರು ಬೇಕಾಗಬಹುದು. ತಂತ್ರಾಂಶ ತರುವಾಗಲೇ ಪೆನ್‌ಡ್ರೈವಿನಲ್ಲಿ ಅದನ್ನೂ ತಂದರೆ ಎರಡನೆಯ ಪ್ರಯಾಣ ಉಳಿಯುತ್ತದೆ. ಬೋರ್ಡನ್ನು ಚುಚ್ಚಿ, ‘ಡಿವೈಸ್ ಮ್ಯಾನೇಜರ್’ ತೆರೆದು, ‘ಪೋರ್ಟ್ಸ್’ ಎಂಬ ಸಾಲಿನ ಕೆಳಗೆ ನೋಡಿ. ಕಾಮ್ ೩, ಕಾಮ್ ೪ ಎಂಬಂಥ ಹೆಸರು ಕಂಡರೆ ಬಾಗಿಲು ತೆರೆಯಿತು. ಹಳದಿ ಗುರುತಿನ ಅಪರಿಚಿತ ಸಾಧನ ಕಂಡರೆ ಡ್ರೈವರು ಇಲ್ಲ. ಏನೂ ಕಾಣದಿದ್ದರೆ ತಂತಿಯದೇ ದೋಷವಿರಬೇಕು. ಹಲವು ಪೋರ್ಟುಗಳಿದ್ದು ಯಾವುದು ನಿಮ್ಮದೆಂದು ತಿಳಿಯದಿದ್ದರೆ ಬೋರ್ಡನ್ನು ಕಿತ್ತು ನೋಡಿ. ಯಾವ ಹೆಸರು ಮಾಯವಾಯಿತೋ ಅದೇ ನಿಮ್ಮದು. ಲಿನಕ್ಸ್ ಬಳಸುವವರಿಗೆ ಈ ಡ್ರೈವರು ಮೊದಲೇ ಇರುತ್ತದೆ. ಆದರೆ ಪೋರ್ಟನ್ನು ಬಳಸಲು ಅನುಮತಿ ಬೇಕು. ಉಬುಂಟುವಿನಂಥವುಗಳಲ್ಲಿ ಬಳಕೆದಾರನ ಹೆಸರನ್ನು ‘ಡಯಲ್‌ಔಟ್’ ಎಂಬ ಗುಂಪಿಗೆ ಸೇರಿಸಿ, ಒಮ್ಮೆ ಹೊರಬಂದು ಮತ್ತೆ ಒಳಹೋಗಬೇಕು. ಹೊರಬರುವುದನ್ನು ಮರೆತರೆ ಅನುಮತಿ ಜಾರಿಗೆ ಬಾರದು.

ಈಗ ತಂತ್ರಾಂಶವನ್ನು ತೆರೆದು, ‘ಟೂಲ್ಸ್’ ಪಟ್ಟಿಯಲ್ಲಿ ಎರಡು ಸಂಗತಿ ಆರಿಸಬೇಕು: ಬೋರ್ಡು ಊನೋ, ಪೋರ್ಟು ಈಗ ತಾನೇ ಕಂಡುಕೊಂಡದ್ದು. ಬಳಿಕ ‘ಫೈಲ್’ ಪಟ್ಟಿಯ ಉದಾಹರಣೆಗಳೊಳಗಿನ ಮೂಲಪಾಠಗಳಿಂದ ‘ಬ್ಲಿಂಕ್’ ಎಂಬುದನ್ನು ತೆರೆಯಿರಿ. ಇದು ಬೋರ್ಡಿನ ಮೇಲಿನ ಚಿಕ್ಕ ದೀಪವನ್ನು ಒಂದು ಸೆಕೆಂಡು ಹೊತ್ತಿಸಿ ಒಂದು ಸೆಕೆಂಡು ಆರಿಸುವ ಪಾಠ. ಇದರಲ್ಲಿ ಎರಡು ಭಾಗಗಳು ಕಾಣುತ್ತವೆ. ‘ಸೆಟಪ್’ ಎಂಬುದು ವಿದ್ಯುತ್ತು ಬಂದೊಡನೆ ಒಂದೇ ಸಲ ಮಾಡಬೇಕಾದ ಕೆಲಸ. ‘ಲೂಪ್’ ಎಂಬುದು ಗಾಣದ ಎತ್ತಿನಂತೆ ಮತ್ತೆ ಮತ್ತೆ ಸುತ್ತುವ ಕೆಲಸ. ಅಪ್ಪಣೆಗಳೆಲ್ಲ ಈ ಎರಡರೊಳಗೇ ಇರುತ್ತವೆ.

ಮೇಲಿನ ಸರಿಗುರುತನ್ನು ಒತ್ತಿದರೆ ದುಭಾಷಿ ಕೆಲಸಕ್ಕೆ ತೊಡಗುತ್ತಾನೆ. ಮುಗಿದಾಗ, ಪಾಠಕ್ಕೆ ಸುಮಾರು ೯೦೦ ಬೈಟುಗಳು ಹಿಡಿದವು, ಇರುವುದು ೩೨,೨೫೬ ಎಂಬಂಥ ಲೆಕ್ಕ ಕೆಳಗೆ ಮೂಡುತ್ತದೆ. ೩೨ ಕಿಲೋಬೈಟಿಗೆ ೩೨,೭೬೮ ಆಗಬೇಕಲ್ಲ ಎಂದು ಲೆಕ್ಕಕ್ಕೆ ನಿಂತ ಮಕ್ಕಳು ಕೇಳಬಹುದು. ಉಳಿದ ೫೧೨ ಬೈಟುಗಳಲ್ಲಿ ಬೂಟ್‌ಲೋಡರು ಎಂಬ ಪುಟ್ಟ ದ್ವಾರಪಾಲಕನಿದ್ದಾನೆ. ಹೊಸ ಪಾಠ ಬಂದಾಗ ಒಳಗೆ ತೆಗೆದುಕೊಳ್ಳುವುದು ಅವನ ಕೆಲಸ. ಬಾಣದ ಗುರುತನ್ನು ಒತ್ತಿದರೆ ಪಾಠ ಬೋರ್ಡಿಗೆ ಹೋಗುತ್ತದೆ. ನಡುವೆ ಕರೆಂಟು ಹೋದರೆ ಗಾಬರಿ ಬೇಡ. ಆ ಪಾಠ ಅರ್ಧಕ್ಕೆ ನಿಲ್ಲಬಹುದೇ ಹೊರತು ದ್ವಾರಪಾಲಕನಿಗೆ ಏನೂ ಆಗದು. ಕರೆಂಟು ಬಂದ ಮೇಲೆ ಮತ್ತೊಮ್ಮೆ ಕಳುಹಿಸಿದರಾಯಿತು. ಕಂಪ್ಯೂಟರಿನಲ್ಲಿ ಬರೆಯುತ್ತಿದ್ದ ಪಾಠವನ್ನು ಮಾತ್ರ ಆಗಾಗ ಉಳಿಸಿಕೊಳ್ಳುತ್ತಿರಿ, ಅದನ್ನು ಕಾಯುವವರು ಯಾರೂ ಇಲ್ಲ.

ಇಲ್ಲೊಂದು ಎಚ್ಚರದ ಮಾತು. ದೀಪ ಮಿನುಗಿತೆಂದು ಕೂಡಲೇ ಹಿಗ್ಗಬೇಡಿ. ಎಷ್ಟೋ ಬೋರ್ಡುಗಳು ಕಾರ್ಖಾನೆಯಿಂದ ಬರುವಾಗಲೇ ಈ ಪಾಠವನ್ನು ಹೊತ್ತು ತಂದಿರುತ್ತವೆ. ‘ಡಿಲೇ’ ಎಂಬ ಪದದ ಮುಂದಿರುವ ೧೦೦೦ ಎಂಬ ಸಂಖ್ಯೆಯನ್ನು ಎರಡೂ ಕಡೆ ೨೦೦ ಎಂದು ತಿದ್ದಿ ಮತ್ತೆ ಕಳುಹಿಸಿ. ಸೆಕೆಂಡಿನ ಸಾವಿರದ ಒಂದು ಭಾಗ ಇಲ್ಲಿಯ ಅಳತೆ. ದೀಪ ಚಟುಲವಾಗಿ ಮಿನುಗತೊಡಗಿದರೆ ಆ ಗೆಲುವು ನಿಮ್ಮದೇ. ಆರು ಸಾಧನಗಳೂ ನೆಟ್ಟಗಿವೆಯೆಂಬುದಕ್ಕೆ ಅದೇ ಸಾಕ್ಷಿ.

ಬೋರ್ಡು ನಮಗೆ ಮರುಮಾತು ಹೇಳುವ ದಾರಿಯೂ ಒಂದಿದೆ. ಅದರ ಹೆಸರು ‘ಸೀರಿಯಲ್ ಮಾನಿಟರ್’. ತೊಟ್ಟಿಯ ನೀರು ಎಷ್ಟಿದೆ, ಕೋಣೆಯ ಬಿಸಿ ಎಷ್ಟಿದೆ ಎಂದು ಬೋರ್ಡು ಅಳೆದುದನ್ನು ಇಲ್ಲಿ ಓದಬಹುದು. ಆದರೆ ಹೇಳುವವರೂ ಕೇಳುವವರೂ ಒಂದೇ ವೇಗಕ್ಕೆ ಒಪ್ಪಿರಬೇಕು. ಪಾಠದಲ್ಲಿ ೯೬೦೦ ಎಂದಿದ್ದರೆ ಮಾನಿಟರಿನಲ್ಲಿಯೂ ೯೬೦೦ ಎಂದೇ ಇರಬೇಕು. ಇಲ್ಲದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಗುರುತುಗಳ ಸುರಿಮಳೆ. ರೇಡಿಯೋದ ಮುಳ್ಳು ನಿಲಯದಿಂದ ಕೂದಲೆಳೆಯಷ್ಟು ಸರಿದಾಗ ಕೇಳುವ ಗೊರಗೊರ ಸದ್ದಿನ ಅನುಭವವಿರುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸಾಮಾನ್ಯವಾಗಿ ಎದುರಾಗುವ ತೊಡಕುಗಳನ್ನೂ ಹೇಳಿಬಿಡಬೇಕು. ಕೆಂಪಕ್ಷರಗಳ ಉದ್ದನೆಯ ಪಟ್ಟಿ ಬಂದರೆ ಮೊದಲ ಸಾಲನ್ನು ಓದಿ. ಉಳಿದವು ಅನೇಕ ವೇಳೆ ಅದರ ಸಂತಾನವೇ. ವಾಕ್ಯದ ಕೊನೆಯ ಅರ್ಧವಿರಾಮ ಬಿಟ್ಟುಹೋದರೆ ದೋಷ ಅದರ ಮುಂದಿನ ಸಾಲಿನಲ್ಲಿದೆಯೆಂದು ಯಂತ್ರ ಹೇಳುವುದುಂಟು. ಆದುದರಿಂದ ಒಂದು ಸಾಲು ಮೇಲೂ ನೋಡಿ. ‘ನಾಟ್ ಇನ್ ಸಿಂಕ್’ ಎಂಬ ಮಾತು ಬಂದರೆ ಬೋರ್ಡಿನ ಹೆಸರು ತಪ್ಪಿರಬಹುದು, ಪೋರ್ಟು ತಪ್ಪಿರಬಹುದು, ಇಲ್ಲವೇ ಬೋರ್ಡಿನ ೦ ಮತ್ತು ೧ನೆಯ ಕಾಲುಗಳಿಗೆ ನೀವು ಏನನ್ನಾದರೂ ಜೋಡಿಸಿರಬಹುದು. ಕಂಪ್ಯೂಟರಿನೊಡನೆ ಮಾತನಾಡುವ ದಾರಿಯೇ ಆ ಎರಡು ಕಾಲುಗಳು. ಪೋರ್ಟು ಕೆಲಸದಲ್ಲಿದೆ ಎಂದರೆ ಬೇರಾವುದೋ ತಂತ್ರಾಂಶ ಅದನ್ನು ಹಿಡಿದುಕೊಂಡಿದೆ, ಅದನ್ನು ಮುಚ್ಚಿ. ಪಾಠದ ಹೆಸರನ್ನು ಇಂಗ್ಲಿಷಿನ ಅಕ್ಷರಗಳಲ್ಲಿ, ನಡುವೆ ತೆರಪಿಲ್ಲದಂತೆ ಇಡಿ. ಆದರೆ ಪಾಠದ ಒಳಗೆ, ಎರಡು ಓರೆಗೆರೆಗಳ ಮುಂದೆ ಬರೆಯುವ ಟಿಪ್ಪಣಿಗಳನ್ನು ದುಭಾಷಿ ಓದುವುದಿಲ್ಲ. ಅವನ್ನು ಯೂನಿಕೋಡ್ ಕನ್ನಡದಲ್ಲಿಯೇ ಬರೆಯಬಹುದು. ‘ತೊಟ್ಟಿ ತುಂಬಿದರೆ ಗಂಟೆ ಬಾರಿಸು’ ಎಂದು ಬರೆದಿಟ್ಟರೆ ಆರು ತಿಂಗಳ ಮೇಲೆ ನೋಡಿದಾಗಲೂ ಮಗಳಿಗೂ ತಂದೆಗೂ ಅರ್ಥವಾಗುತ್ತದೆ.

ಇಷ್ಟೆಲ್ಲ ಪಡಿಪಾಟಲು ಏತಕ್ಕೆ ಎಂಬ ಪ್ರಶ್ನೆ ಬರಬೇಕಾದದ್ದೇ. ಉತ್ತರಕ್ಕೆ ಹೊಲದ ಕಡೆ ನೋಡಿದರೆ ಸಾಕು. ತೊಗರಿ, ಹತ್ತಿ, ಬತ್ತ ಬೆಳೆಯುವ ಈ ಸೀಮೆಯಲ್ಲಿ ಪಂಪಿಗೆ ಬೇಕಾದ ಮೂರು ಫೇಸಿನ ವಿದ್ಯುತ್ತು ಬರುವ ಹೊತ್ತಿಗೆ ರೈತ ಕಾದಿರಬೇಕು. ಅದು ಸರಿರಾತ್ರಿಯಾದರೆ ಕತ್ತಲಲ್ಲಿ, ಹುಳುಹುಪ್ಪಡಿಗಳ ನಡುವೆ, ಬಾವಿಯ ತನಕ ನಡೆಯಬೇಕು. ಬಾವಿಯಲ್ಲಿ ನೀರು ತಗ್ಗಿದ್ದೂ ತಿಳಿಯದೆ ಪಂಪು ಒಣಗಿ ಓಡಿದರೆ ಮೋಟಾರು ಸುಟ್ಟೀತು. ಇವನ್ನು ತಿಳಿಸುವ ಪೆಟ್ಟಿಗೆಗಳು ಪೇಟೆಯಲ್ಲಿ ಸಿಗುತ್ತವೆ. ಆದರೆ ಅದು ಕೆಟ್ಟಾಗ ಒಳಗೇನಿದೆ ಎಂದು ಬಲ್ಲವರು ಊರಿನಲ್ಲಿ ಒಬ್ಬರಾದರೂ ಇದ್ದರೆ ಅದು ರಿಪೇರಿಯಾದೀತು, ಇಲ್ಲದಿದ್ದರೆ ಕಸವಾದೀತು. ನಮ್ಮ ಹೊಲಕ್ಕೆ, ನಮ್ಮ ಹೊತ್ತಿಗೆ ತಕ್ಕಂತೆ ಅದರ ಪಾಠವನ್ನು ಬದಲಿಸಬಲ್ಲವರಿದ್ದರಂತೂ ಯಂತ್ರ ನಮ್ಮ ಆಳಾಗುತ್ತದೆ.

ಹಾಗೆಂದು ಇಂದು ದೀಪ ಮಿನುಗಿಸಿದವರು ನಾಳೆಯೇ ಪಂಪಿನ ಸ್ಟಾರ್ಟರಿಗೆ ಕೈ ಹಾಕಕೂಡದು. ಬೋರ್ಡಿನದು ೫ ವೋಲ್ಟಿನ ಲೋಕ. ಮನೆಯ ಗೋಡೆಯದು ೨೩೦ ವೋಲ್ಟು, ಪಂಪಿನದು ೪೦೦ಕ್ಕೂ ಮೇಲೆ. ಆ ಎರಡು ಲೋಕಗಳನ್ನು ಬೆಸೆಯುವ ಕೆಲಸ ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರರದು. ಬೋರ್ಡಿನ ಒಂದು ಕಾಲು ೨೦ ಮಿಲಿಆಂಪಿಯರಿನಷ್ಟನ್ನು ಮಾತ್ರ ನೆಮ್ಮದಿಯಾಗಿ ಕೊಡಬಲ್ಲದು. ಚಿಕ್ಕ ದೀಪಕ್ಕೆ ಅದು ಸಾಕು, ಮೋಟಾರಿಗೆ ಸಾಲದು. ಮೊದಲ ಪ್ರಯೋಗಕ್ಕೆ ಮಾಳಿಗೆಯ ನೀರಿನ ತೊಟ್ಟಿಯೇ ತಕ್ಕದ್ದು. ಒಂದು ತೇಲುವ ಸ್ವಿಚ್ಚು, ಒಂದು ಚಿಕ್ಕ ಬಜರು, ೫ ವೋಲ್ಟು. ತೊಟ್ಟಿ ತುಂಬಿದೊಡನೆ ಸದ್ದಾದರೆ, ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಸೀಮೆಯಲ್ಲಿ ಚರಂಡಿಗೆ ಹರಿಯುವ ನೀರು ಉಳಿಯುತ್ತದೆ. ಬೋರ್ಡಿನ ಡಬ್ಬಿಯನ್ನು ಬಿಸಿಲಿಗೆ ಇಡದೆ ನೆರಳಿನಲ್ಲಿಡಿ.

ಊನೋದಲ್ಲಿ ಕೈ ಪಳಗಿದ ಮೇಲೆ ಮುಂದಿನ ದಾರಿ ವಿಶಾಲವಾಗಿದೆ. ವೈಫೈ ಉಳ್ಳ ಇಎಸ್‌ಪಿ ೩೨ ಬಿಲ್ಲೆ ೨೦೧೬ರಲ್ಲಿಯೂ, ರಾಸ್ಪ್‌ಬೆರಿ ಪೈ ಪೀಕೋ ೨೦೨೧ರಲ್ಲಿಯೂ ಬಂದವು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ತಾನೇ ರೂಪಿಸಿದ ವೇಗಾ ಪ್ರೊಸೆಸರನ್ನು ಒಳಗೊಂಡ ಏರೀಸ್ ಎಂಬ ಬೋರ್ಡನ್ನು ಹೊರತಂದಿದೆ. ಅದಕ್ಕೂ ಇದೇ ಆರ್ಡುಯಿನೋ ತಂತ್ರಾಂಶದಲ್ಲಿ ಪಾಠ ಬರೆಯಬಹುದು. ಬೋರ್ಡು ಬದಲಾದರೆ ಅದರ ಸಾಮಗ್ರಿಯ ಕಟ್ಟನ್ನು ಹೊಸದಾಗಿ ತರಿಸಿಕೊಳ್ಳಬೇಕೇ ಹೊರತು ಕಲಿತ ಕ್ರಮ ಅದೇ. ಶಾಲೆಗಳಲ್ಲಿ ಇಂಥ ಕೆಲಸಕ್ಕೆಂದೇ ನೀತಿ ಆಯೋಗದ ಅಟಲ್ ಇನ್ನೋವೇಷನ್ ಮಿಷನ್ ೨೦೧೬ರಿಂದ ಟಿಂಕರಿಂಗ್ ಪ್ರಯೋಗಶಾಲೆಗಳಿಗೆ ನೆರವು ಕೊಡುತ್ತ ಬಂದಿದೆ. ಆರನೆಯ ತರಗತಿಯಿಂದ ಹನ್ನೆರಡನೆಯ ತನಕದ ಮಕ್ಕಳಿಗೆ ಅವು ಮೀಸಲು. ನಿಮ್ಮ ಮಕ್ಕಳ ಶಾಲೆಯಲ್ಲಿ ಅದಿದೆಯೇ, ಇದ್ದರೆ ಬೀಗ ತೆಗೆದಿದೆಯೇ ಎಂದು ಒಮ್ಮೆ ವಿಚಾರಿಸಿ.

ಮೈಸೂರಿನಲ್ಲಿ ೧೯೩೫ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ ಬಾನುಲಿ ನಿಲಯ ನಡೆಸಿದರು. ಆಕಾಶವಾಣಿ ಎಂಬ ಹೆಸರು ದೇಶಕ್ಕೆ ಬಂದದ್ದು ಅಲ್ಲಿಂದ. ಅವರು ಕಲಿಸುತ್ತಿದ್ದುದು ಮನಶ್ಶಾಸ್ತ್ರವನ್ನು. ಯಂತ್ರವಿದ್ಯೆ ಎಂಜಿನಿಯರರ ಸೊತ್ತು ಮಾತ್ರವಲ್ಲವೆಂಬುದಕ್ಕೆ ಕನ್ನಡ ನಾಡಿನಲ್ಲಿ ಬೇರೆ ಸಾಕ್ಷಿ ಬೇಕಿಲ್ಲ.

ಕೊನೆಯದಾಗಿ ಒಂದು ಸಣ್ಣ ಸಲಹೆ. ದೀಪ ಮಿನುಗಿದ ದಿನವೇ ಒಂದು ನೋಟುಬುಕ್ಕಿನಲ್ಲಿ ಐದು ಸಂಗತಿ ಬರೆದಿಡಿ: ಯಾವ ತಂತ್ರಾಂಶ, ಅದರ ಸಂಖ್ಯೆ ಎಷ್ಟು, ಯಾವ ಡ್ರೈವರು, ಯಾವ ಬೋರ್ಡು, ಯಾವ ಪೋರ್ಟು. ಅದರ ಕೆಳಗೆ, ಎದುರಾದ ತೊಡಕನ್ನೂ ಅದು ಬಿಡಿಸಿಕೊಂಡ ಬಗೆಯನ್ನೂ ಬರೆಯಿರಿ. ಮುಂದಿನ ತಿಂಗಳು ನೆರೆಯವರ ಮಗು ಇಂಥದೇ ಒಂದು ಬೋರ್ಡನ್ನು ಹಿಡಿದು ನಿಮ್ಮ ಬಾಗಿಲಿಗೆ ಬಂದಾಗ, ಆ ಪುಟವನ್ನು ತೆರೆದು ಅದರ ಮುಂದಿಡಿ. ಊರಿನಲ್ಲಿ ಕೇಳಲು ಯಾರೂ ಇಲ್ಲವೆಂಬ ಮಾತು ಅಂದಿಗೆ ಮುಗಿಯಿತು.